ಒರೆಸ್ಬೇಡ ಅಜ್ಜೀ

ಜರ್ಮನಿಯ ಮಗಳ ಮನೆಗೆ ಹೋದಾಗ ಮೊಮ್ಮಗಳು ಒಂದನೇ ಕ್ಲಾಸು. ಶಾಲೆಯಲ್ಲೊಂದು ಹಾಳೆ ಕೊಟ್ಟಿದ್ದರು. ಪ್ರತಿ ಅಕ್ಷರದ ಪಕ್ಕ ಆ ಸದ್ದಿನಿಂದ ಶುರುವಾಗುವ ಚಿತ್ರ. ಎ ಪಕ್ಕ ಮಂಗ, ಅವರ ಭಾಷೆಯಲ್ಲಿ ಆಫೆ. ಅದನ್ನು ನೋಡಿಕೊಂಡು ಮಕ್ಕಳು ಕಿವಿಗೆ ಕೇಳಿದ ಹಾಗೆ ತಾವೇ ಬರೆಯಬೇಕು. ಹೀಗೆ ಬಿಟ್ಟರೆ ತಪ್ಪೇ ರೂಢಿಯಾದೀತು ಅಂತ ಅಲ್ಲೂ ವಾದ ಉಂಟು.

ಒಂದು ದಿನ ಅವಳು ಹಕ್ಕಿಗೆ 'ಫೋಗೆಲ್' ಅಂತ ಎಫ್ ಹಾಕಿ ಬರೆದಳು. ಸದ್ದು ಅದೇ, ಆದರೆ ಪುಸ್ತಕದಲ್ಲಿ ವಿ ಇತ್ತು. ನಾನು ರಬ್ಬರ್ ತೆಗೊಂಡೆ.

"ಒರೆಸ್ಬೇಡ ಅಜ್ಜೀ, ನಾನೇ ನೋಡ್ತೇನೆ."

ವಾರ ಕಳೆದು ತಾನೇ ತಿದ್ದಿದಳು.

ಕಾಸರಗೋಡಿನ ನನ್ನ ಶಾಲೆಯಲ್ಲಿ ಮಲಯಾಳ ತಪ್ಪಿದರೆ ಬೆತ್ತ. ಹೆದರಿ ಬರೆಯುವುದನ್ನೇ ಬಿಟ್ಟೆ. ಇಂದಿಗೂ ಬಸ್ಸಿನ ಬೋರ್ಡಿಗೆ ಪಕ್ಕದವರನ್ನು ಕೇಳ್ಬೇಕು. ಊರಿಗೆ ಬಂದವಳೇ ಮಲಯಾಳ ಕಾಪಿ ಪುಸ್ತಕ ತಂದೆ. ತಪ್ಪು ಬೇಕಾದಷ್ಟು, ಒರೆಸದೆ ಬರೀತಾ ಇದ್ದೇನೆ.