ಗಾಳಿಯ ಲೆಕ್ಕ

ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದಾಗ ಹೆಂಗಸರ ಮಾತು ಒಂದು ಕಡೆ, ಗಂಡಸರ ಮಾತು ಇನ್ನೊಂದು ಕಡೆ ಸಾಗುವುದು ಎಲ್ಲ ಧರ್ಮಕೇಂದ್ರಗಳಲ್ಲೂ ಇದ್ದದ್ದೇ. ಗಾಡಿ ನಿಲ್ಲಿಸಿದ ಜಾಗದಲ್ಲಿ ಸೇರುವವರ ಬಾಯಲ್ಲಿ ಬರುವ ಮೊದಲ ಪ್ರಶ್ನೆ ಬಹುಪಾಲು ಒಂದೇ: "ನಿಮ್ಮ ಗಾಡಿ ಎಷ್ಟು ಕೊಡುತ್ತೆ?" ನಮ್ಮ ಹೊಸೂರಿನಲ್ಲಿ ಈ ಪ್ರಶ್ನೆಗೆ ತೂಕ ಇನ್ನೂ ಹೆಚ್ಚು. ಟಿವಿಎಸ್, ಅಶೋಕ್ ಲೇಲ್ಯಾಂಡ್ ಕಾರ್ಖಾನೆಗಳಿರುವ ಊರಿದು. ಕನ್ನಡ, ತಮಿಳು, ತೆಲುಗು ಮೂರೂ ಭಾಷೆಗಳಲ್ಲಿ ಎಂಜಿನ್ ವಿಷಯ ಹೇಳಿಕೊಡಬಲ್ಲವರು ಬೀದಿಗೆ ನಾಲ್ಕು ಜನ ಸಿಗುತ್ತಾರೆ.

ಎರಡು ವರ್ಷಗಳ ಹಿಂದೆ ನಾವು ಸಾಲ ಮಾಡಿ ಒಂದು ಹೈಬ್ರಿಡ್ ಕಾರು ಕೊಂಡೆವು. ಷೋಕಿಗಾಗಿ ಅಲ್ಲ. ಕೃಷ್ಣಗಿರಿಯಲ್ಲಿ ಅಮ್ಮ ಒಬ್ಬರೇ ಇದ್ದಾರೆ. ನಮ್ಮಿಬ್ಬರಲ್ಲಿ ಒಬ್ಬರಿಗೆ ಅವರು ಹೆತ್ತ ತಾಯಿ, ಇನ್ನೊಬ್ಬರಿಗೆ ಅತ್ತೆ. ಆದರೆ ಇಬ್ಬರಿಗೂ ಅಮ್ಮನೇ. ಸೊಂಟನೋವಿನಿಂದ ಅವರಿಗೆ ಬಸ್ಸು ಹತ್ತುವುದು ಕಷ್ಟವಾಯಿತು. ತಿಂಗಳಿಗೆ ಎರಡು ಸಲ ಹೋಗಿ ಬರಬೇಕು, ಕೆಲವೊಮ್ಮೆ ಡಾಕ್ಟರಿಗೆ ತೋರಿಸಲು ಹೊಸೂರಿಗೆ ಕರೆತರಬೇಕು. ಹೋಗಿಬರಲು ಸುಮಾರು ನೂರು ಕಿಲೋಮೀಟರ್. ದಿನನಿತ್ಯದ ಓಡಾಟವೂ ಸೇರಿ ತಿಂಗಳಿಗೆ ಸಾವಿರ ಕಿಲೋಮೀಟರ್ ಆಗುತ್ತದೆ. ಕಂತು ಕಟ್ಟುವ ಮನೆಯಲ್ಲಿ ಪೆಟ್ರೋಲಿನ ಪ್ರತಿ ಲೀಟರಿಗೂ ಲೆಕ್ಕ ಉಂಟು.

ಹೈಬ್ರಿಡ್ ಎಂದರೆ ಏನೆಂದು ಅಮ್ಮ ಕೇಳಿದಾಗ ನಾವು ಹೇಳಿದ್ದು ಹೀಗೆ: "ಇದರಲ್ಲಿ ಪೆಟ್ರೋಲ್ ಎಂಜಿನ್ನೂ ಇದೆ, ಬ್ಯಾಟರಿಯಿಂದ ಓಡುವ ಮೋಟಾರೂ ಇದೆ. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ ಇಳಿಯುವಾಗ ಅದೇ ಮೋಟಾರು ಡೈನಮೋ ಥರ ತಿರುಗಿ ಬ್ಯಾಟರಿ ತುಂಬಿಸುತ್ತೆ. ಬೇರೆ ಗಾಡಿಯಲ್ಲಿ ಬ್ರೇಕ್ ಬಿಸಿಯಾಗಿ ವ್ಯರ್ಥವಾಗೋ ಶಕ್ತಿಯನ್ನ ಇದು ಉಳಿಸಿಟ್ಟುಕೊಳ್ಳುತ್ತೆ." 1997ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೊಟಾ ಪ್ರಿಯಸ್ ಈ ಬಗೆಯ ಕಾರುಗಳಿಗೆ ದಾರಿ ತೋರಿಸಿತು. ನಮ್ಮ ಬಿಡದಿಯ ಕಾರ್ಖಾನೆಯಲ್ಲೇ 2013ರಿಂದ ಹೈಬ್ರಿಡ್ ಕಾರುಗಳು ತಯಾರಾಗುತ್ತಿವೆ. ಅಮ್ಮ ಎಲ್ಲ ಕೇಳಿಸಿಕೊಂಡು, "ಉಳಿಸೋ ಗಾಡಿ ಅನ್ನಿ," ಎಂದರು. ಆ ಹೆಸರೇ ನಮ್ಮ ಮನೆಯಲ್ಲಿ ನಿಂತುಹೋಯಿತು.

ಉಳಿಸುವ ಗಾಡಿ ಸಿಕ್ಕಿದ ಮೇಲೆ ಇನ್ನೂ ಸ್ವಲ್ಪ ಉಳಿಸುವ ಆಸೆ ಹುಟ್ಟಿತು. ಪರಿಚಯದವರೊಬ್ಬರು ಹೇಳಿದರು: "ಟೈರಿಗೆ ಗಾಳಿ ಜಾಸ್ತಿ ಹಾಕಿಸಿ. ಟೈರು ಗಟ್ಟಿಯಾದಷ್ಟೂ ಹಗುರವಾಗಿ ಉರುಳುತ್ತೆ." ಮಾತಿನಲ್ಲಿ ಸತ್ಯವಿತ್ತು. ಉರುಳುವಾಗ ಟೈರಿನ ರಬ್ಬರು ಪ್ರತಿ ಸುತ್ತಿಗೂ ಅಮುಕಿ ಮತ್ತೆ ಸೆಟೆಯುತ್ತದೆ. ಆ ಅಮುಕಾಟದಲ್ಲಿ ಶಕ್ತಿ ಬಿಸಿಯಾಗಿ ಹೋಗುತ್ತದೆ. ಗಾಳಿ ಹೆಚ್ಚಿದ್ದರೆ ಅಮುಕಾಟ ಕಡಿಮೆ. ಹೊರದೇಶಗಳಲ್ಲೂ ಹೈಬ್ರಿಡ್ ಓಡಿಸುವ ಕೆಲವರು ಹೀಗೆ ಮಾಡುವುದುಂಟು.

ನಮ್ಮ ಕಾರಿನ ಚಾಲಕರ ಬಾಗಿಲು ತೆರೆದರೆ ಒಂದು ಚೀಟಿ ಅಂಟಿಸಿದೆ. ಅದರಲ್ಲಿ 33 ಪಿಎಸ್‌ಐ ಎಂದಿದೆ. ಟೈರಿನ ಪಕ್ಕೆಯ ಮೇಲೆ ನೋಡಿದರೆ ಗರಿಷ್ಠ 44 ಎಂದು ಅಚ್ಚಾಗಿತ್ತು. ಟೈರು ಮಾಡಿದವರೇ 44 ಎಂದಿರುವಾಗ 40ಕ್ಕೆ ಏನು ಭಯ ಎಂದುಕೊಂಡೆವು. ಬಂಕಿನಲ್ಲಿ 40 ತುಂಬಿಸಿ ಶನಿವಾರ ಕೃಷ್ಣಗಿರಿಗೆ ಹೊರಟೆವು. ಶೂಲಗಿರಿ ದಾಟುವ ಹೊತ್ತಿಗೆ ಮೀಟರಿನಲ್ಲಿ ಲೀಟರಿಗೆ 27 ಕಿಲೋಮೀಟರ್! ಮಗ ಹಿಂದಿನ ಸೀಟಿನಿಂದ ಚಪ್ಪಾಳೆ ತಟ್ಟಿದ. ಮುಂದಿನ ಭಾನುವಾರ ಗಾಡಿ ನಿಲ್ಲಿಸುವ ಜಾಗದಲ್ಲಿ ನಾವೇ ಉಪದೇಶಕರಾದೆವು.

ವಾಪಸು ಬರುವಾಗ ಮೀಟರು 19ಕ್ಕೆ ಇಳಿದಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ದಾರಿ ಇಳಿಜಾರು ಎಂಬುದು ಚಿಕ್ಕಂದಿನಿಂದ ಗೊತ್ತಿದ್ದರೂ ನಮ್ಮ ತಲೆಗೆ ಹೊಳೆಯಲಿಲ್ಲ. ಹೊಸೂರು ಕೃಷ್ಣಗಿರಿಗಿಂತ ಮುನ್ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಹೋಗುವಾಗ ಗುಡ್ಡ ನಮ್ಮನ್ನು ಇಳಿಸಿತ್ತು, ಬರುವಾಗ ನಾವು ಗುಡ್ಡ ಹತ್ತಿದ್ದೆವು. ಇಳಿಜಾರಿನ ಪುಣ್ಯವನ್ನು ನಾವು ಗಾಳಿಯ ಖಾತೆಗೆ ಜಮಾ ಮಾಡಿಕೊಂಡಿದ್ದೆವು, ಅಷ್ಟೇ.

ಅಮ್ಮ ಮಾತ್ರ ಆಗಲೇ ಒಂದು ಮಾತು ಹೇಳಿದ್ದರು. "ಯಾಕೋ ಈಗೀಗ ನಿಮ್ಮ ಗಾಡಿ ಎತ್ತಿನ ಗಾಡಿ ಥರ ಕುಲುಕುತ್ತೆ. ಹಂಪ್ ಬಂದರೆ ಸೊಂಟಕ್ಕೆ ಹಿಡಿಯುತ್ತೆ." ರಸ್ತೆ ಸರಿಯಿಲ್ಲ ಅಮ್ಮ ಎಂದೆವು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಅಕ್ಟೋಬರಿನ ಒಂದು ಸಂಜೆ ಅಮ್ಮನನ್ನು ಡಾಕ್ಟರಿಗೆ ತೋರಿಸಲು ಹೊಸೂರಿಗೆ ಕರೆತರುತ್ತಿದ್ದೆವು. ಶೂಲಗಿರಿ ಹತ್ತಿರ ಮಳೆ ಹನಿಯಲು ಶುರುವಾಯಿತು. ಮುಂದಿದ್ದ ಲಾರಿ ಇದ್ದಕ್ಕಿದ್ದಂತೆ ನಿಧಾನ ಮಾಡಿತು. ಬ್ರೇಕ್ ಒತ್ತಿದೆವು. ಗಾಡಿ ನಿಲ್ಲಲಿಲ್ಲ, ಸಾಗಿತು. ಪೆಡಲ್ ಪಾದದ ಕೆಳಗೆ ಗಡಗಡ ನಡುಗಿತು. ಕೊನೆಗೆ ಲಾರಿಯ ಹಿಂಭಾಗಕ್ಕೆ ಒಂದು ಮಾರು ದೂರವಿರುವಾಗ ನಿಂತಿತು. ಹಿಂದಿನ ಸೀಟಿನಲ್ಲಿ ಅಮ್ಮನ ಕೈಯಲ್ಲಿದ್ದ ಜಪಸರ ಕೆಳಗೆ ಬಿದ್ದಿತ್ತು. ಹೊಸೂರು ಮುಟ್ಟುವವರೆಗೆ ಯಾರೂ ಮಾತಾಡಲಿಲ್ಲ.

ಅದಕ್ಕೆ ಗಾಳಿಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಹನಿಮಳೆಗೆ ರಸ್ತೆಯ ಧೂಳು, ಎಣ್ಣೆ ಸೇರಿ ಜಾರುತ್ತದೆ. ನಮ್ಮ ವೇಗವೂ ಹೆಚ್ಚಿತ್ತು. ಆದರೂ ಮನಸ್ಸು ಕೇಳಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಬೀದಿಯ ಪಂಕ್ಚರ್ ಅಂಗಡಿಗೆ ಹೋದೆವು. ಅಂಗಡಿಯ ಹಿರಿಯರು ಗೇಜ್ ಹಿಡಿದು ನೋಡಿ, "ಯಾರ್ ಸಾರ್ ಹೇಳಿದ್ದು ಇಷ್ಟು ಹಾಕೋಕೆ?" ಎಂದರು. ಮರುಮಾತಿಲ್ಲದೆ ಒಂದು ಸೀಮೆಸುಣ್ಣ ತೆಗೆದು ಟೈರಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ಅಡ್ಡಗೆರೆ ಎಳೆದರು. ಗಾಡಿಯನ್ನು ನಾಲ್ಕು ಹೆಜ್ಜೆ ಮುಂದಕ್ಕೆ ಬಿಡಿಸಿದರು. ನೋಡಿದರೆ ಗೆರೆ ನಡುವೆ ಮಾತ್ರ ಅಳಿಸಿತ್ತು, ಎರಡೂ ಅಂಚಿನಲ್ಲಿ ಹಾಗೆಯೇ ಇತ್ತು. "ನೋಡಿ ಸಾರ್, ನಡುಮಧ್ಯ ಮಾತ್ರ ನೆಲ ಮುಟ್ಟುತ್ತೆ. ಹೊಟ್ಟೆ ಉಬ್ಬಿದ ಮನುಷ್ಯ ಬೋರಲು ಮಲಗಿದ ಹಾಗೆ. ಹಿಡಿತ ಎಲ್ಲಿಂದ ಬರಬೇಕು?" 33ಕ್ಕೆ ಇಳಿಸಿ ಮತ್ತೆ ಗೆರೆ ಎಳೆದರು. ಈ ಸಲ ಇಡೀ ಗೆರೆ ಅಳಿಸಿತು. ಪಕ್ಕೆಯ ಮೇಲಿನ 44 ಏನೆಂದೂ ಅವರೇ ಹೇಳಿದರು. ಅದು ಟೈರು ತಾಳಿಕೊಳ್ಳುವ ಮಿತಿ, ನಿಮ್ಮ ಗಾಡಿಗೆ ಬೇಕಾದ ಅಳತೆಯಲ್ಲ. ಗಾಡಿಯ ತೂಕ, ಬ್ರೇಕು, ಸ್ಪ್ರಿಂಗು ಎಲ್ಲ ನೋಡಿ ಗಾಡಿ ಮಾಡಿದವರು ಹೇಳುವುದು ಬಾಗಿಲ ಚೀಟಿಯಲ್ಲಿದೆ.

ಆ ರಾತ್ರಿ ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಂತೆ, ಟೈರುಗಳಲ್ಲಿ ಸರಾಸರಿ ಒಂದು ಪಿಎಸ್‌ಐ ಗಾಳಿ ಕಡಿಮೆಯಾದರೆ ಮೈಲೇಜು ಸುಮಾರು 0.2 ಶೇಕಡ ತಗ್ಗುತ್ತದೆ. ಅದೇ ಲೆಕ್ಕವನ್ನು ಮೇಲಕ್ಕೂ ಹಿಡಿಯೋಣ. ನಾವು ಹೆಚ್ಚಿಗೆ ತುಂಬಿದ್ದು 7 ಪಿಎಸ್‌ಐ, ಅಂದರೆ 1.4 ಶೇಕಡ. ತಿಂಗಳಿಗೆ ಸಾವಿರ ಕಿಲೋಮೀಟರ್, ಲೀಟರಿಗೆ 20ರಂತೆ 50 ಲೀಟರ್. ಅದರಲ್ಲಿ ಉಳಿದದ್ದು ಮುಕ್ಕಾಲು ಲೀಟರೂ ಇಲ್ಲ. ಲೀಟರಿಗೆ ನೂರು ರೂಪಾಯಿ ಎಂದಿಟ್ಟುಕೊಂಡರೂ ಎಪ್ಪತ್ತು ರೂಪಾಯಿ. ಈ ಎಪ್ಪತ್ತು ರೂಪಾಯಿಗಾಗಿ ನಾವು ಅಮ್ಮನ ಸೊಂಟವನ್ನೂ ಎಲ್ಲರ ಜೀವವನ್ನೂ ಒತ್ತೆ ಇಟ್ಟಿದ್ದೆವು. ಟೈರು ನಡುವೆ ಸವೆದು ಬೇಗ ಬದಲಾಯಿಸಬೇಕಾಗಿ ಬಂದಿದ್ದರೆ ಆಗುವ ಸಾವಿರಾರು ರೂಪಾಯಿಯ ಲೆಕ್ಕ ಬೇರೆ.

ಹಾಗೆಂದು ಗಾಳಿಯನ್ನು ಮರೆಯಬೇಕೆಂದಲ್ಲ. ಹೆಚ್ಚಿನ ಮನೆಗಳಲ್ಲಿ ಆಗುವ ತಪ್ಪು ನಮ್ಮದಕ್ಕೆ ತಿರುಗುಮುರುಗು: ತಿಂಗಳುಗಟ್ಟಲೆ ಗಾಳಿ ನೋಡುವುದೇ ಇಲ್ಲ. ಒಳ್ಳೆಯ ಟೈರಿನಿಂದಲೂ ತಿಂಗಳಿಗೆ ಒಂದು ಪಿಎಸ್‌ಐನಷ್ಟು ಗಾಳಿ ತಾನಾಗಿ ಸೋರುತ್ತದೆ. ಗಾಳಿ ಕಡಿಮೆಯಾದ ಟೈರು ಪೆಟ್ರೋಲ್ ಕುಡಿಯುತ್ತದೆ, ಅಂಚು ಸವೆಯುತ್ತದೆ, ಬಿಸಿಯೇರುತ್ತದೆ. ಕೃಷ್ಣಗಿರಿ ಕಡೆಯ ಏಪ್ರಿಲ್ ಬಿಸಿಲಿನಲ್ಲಿ, ತುಂಬಿದ ಗಾಡಿಯಲ್ಲಿ, ಹೈವೇ ವೇಗದಲ್ಲಿ ಅಂಥ ಟೈರು ಸಿಡಿಯಲೂಬಹುದು.

ನಾವು ಕಲಿತ ನಾಲ್ಕು ಮಾತು ಇವು. ಒಂದು, ಗಾಳಿಯನ್ನು ಟೈರು ತಣ್ಣಗಿರುವಾಗ, ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ನೋಡಬೇಕು. ಬಾಗಿಲ ಚೀಟಿಯ ಅಂಕೆ ತಣ್ಣನೆಯ ಟೈರಿನದು. ಓಡಿದ ಮೇಲೆ ಮೂರ್ನಾಲ್ಕು ಪಿಎಸ್‌ಐ ತಾನಾಗಿ ಏರುತ್ತದೆ. ಅದನ್ನು ಕಂಡು ಹೆದರಿ ಗಾಳಿ ಬಿಡಬಾರದು. ಎರಡು, ಹವೆ ಹತ್ತು ಡಿಗ್ರಿ ಏರಿಳಿದರೆ ಗಾಳಿ ಸುಮಾರು ಎರಡು ಪಿಎಸ್‌ಐ ಏರಿಳಿಯುತ್ತದೆ. ಬೇಸಿಗೆಯಲ್ಲಿ ಸರಿಯಿದ್ದ ಟೈರು ಹೊಸೂರಿನ ಡಿಸೆಂಬರ್ ಚಳಿಗೆ ಕಡಿಮೆಯಾಗಿರುತ್ತದೆ. ಕ್ರಿಸ್ತಜಯಂತಿಗೆ ಊರಿಗೆ ಹೊರಡುವವರು ಇದನ್ನು ನೆನಪಿಡಬೇಕು. ಮೂರು, ಐದು ಜನ, ಗಂಟುಮೂಟೆ ಎಲ್ಲ ತುಂಬಿದಾಗ ಕೆಲವು ಗಾಡಿಗಳ ಚೀಟಿಯಲ್ಲಿ ಬೇರೆ ಅಂಕೆ ಕೊಟ್ಟಿರುತ್ತಾರೆ. ಅದನ್ನೇ ಅನುಸರಿಸಬೇಕು. ನಾಲ್ಕು, ಸ್ಟೆಪ್ನಿಯನ್ನೂ ನೋಡಬೇಕು. ಇನ್ನು ನೈಟ್ರೋಜನ್ ತುಂಬಿಸಬೇಕೇ ಎಂದು ಕೇಳುವವರಿಗೆ ಒಂದು ಮಾತು: ನಾವು ಉಸಿರಾಡುವ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಬಂಕಿನ ಗಾಳಿ ಸಾಕು, ಮರೆಯದೆ ನೋಡಿಕೊಂಡರಾಯಿತು.

ಗಾಳಿ ತುಂಬಿದ ಟೈರಿನ ಹಿಂದೆ ಒಬ್ಬ ತಂದೆಯ ಕಥೆಯಿದೆ. 1845ರಲ್ಲೇ ರಾಬರ್ಟ್ ಥಾಮ್ಸನ್ ಎಂಬಾತ ಅದರ ಹಕ್ಕುಪತ್ರ ಪಡೆದಿದ್ದರೂ ಅದು ಬಳಕೆಗೆ ಬಂದಿರಲಿಲ್ಲ. ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಚಿಕ್ಕ ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಬೀದಿಯಲ್ಲಿ ಕುಲುಕುವುದನ್ನು ಕಂಡು ಅದರ ಗಾಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿದ. 1888ರಲ್ಲಿ ಹಕ್ಕುಪತ್ರ ಪಡೆದ. ಕುಳಿತವರಿಗೆ ನೋವಾಗದಿರಲಿ ಎಂದು ಬಂದ ಗಾಳಿಯನ್ನು ನಾವು ಕುಳಿತವರಿಗೆ ನೋವಾಗುವಂತೆ ತುಂಬಿದ್ದೆವು.

ಉಳಿತಾಯ ಒಳ್ಳೆಯದೇ. ಜಗದ್ಗುರು ಪೋಪ್ ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರ 'ಲೌದಾತೋ ಸಿ'ಯಲ್ಲಿ ಸೃಷ್ಟಿಯನ್ನು ಕಾಪಾಡುವ ದಿನನಿತ್ಯದ ಸಣ್ಣ ಕೆಲಸಗಳನ್ನು ಎಣಿಸುವಾಗ, ಹಲವರು ಒಂದೇ ಗಾಡಿಯಲ್ಲಿ ಕೂಡಿ ಹೋಗುವುದನ್ನೂ ಸೇರಿಸಿದ್ದರು. ಅದನ್ನು ಓದಿದ ಮೇಲೆ ಪೂಜೆಗೆ ಹೋಗುವಾಗ ಪಕ್ಕದ ಬೀದಿಯ ವಯಸ್ಸಾದ ದಂಪತಿಯನ್ನು ಕರೆದುಕೊಂಡು ಹೋಗುತ್ತೇವೆ. ಅವರ ಆಟೋ ಖರ್ಚು ಉಳಿಯುತ್ತದೆ. ಹೈವೇಯಲ್ಲಿ ವೇಗವನ್ನು 80ಕ್ಕೆ ಇಳಿಸಿದ್ದೇವೆ. ಬಿಟ್ಟ ಎಪ್ಪತ್ತು ರೂಪಾಯಿ ಅದರಲ್ಲೇ ಬಂದುಬಿಡುತ್ತದೆ. ಮೈಲೇಜನ್ನು ಈಗ ಒಂದು ದಿಕ್ಕಿನ ಮೀಟರಿನಿಂದ ಅಳೆಯುವುದಿಲ್ಲ. ಟ್ಯಾಂಕ್ ತುಂಬಿಸಿ, ಹೋಗಿ ಬಂದು, ಮತ್ತೆ ತುಂಬಿಸಿ ಲೆಕ್ಕ ಹಾಕುತ್ತೇವೆ.

ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಪೂಜೆಗೆ ಹೊರಡುವ ಮೊದಲು ಮಗ ಗೇಜ್ ಹಿಡಿದು ನಾಲ್ಕು ಟೈರು ನೋಡಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾನೆ. ಆತ್ಮಶೋಧನೆಯೂ ಹೀಗೇ ಅಲ್ಲವೇ? ಸೋರುವುದು ಕಣ್ಣಿಗೆ ಕಾಣುವುದಿಲ್ಲ. ಆಗಾಗ ಅಳೆದು ನೋಡಬೇಕು, ತಣ್ಣಗಿರುವಾಗ ನೋಡಬೇಕು.

ಅಮ್ಮನಿಗೆ ನಿಜ ಹೇಳಲು ನಮಗೆ ಇನ್ನೂ ಎರಡು ತಿಂಗಳು ಹಿಡಿಯಿತು. ಕ್ರಿಸ್ತಜಯಂತಿಗೆ ಮುಂಚೆ ಪಾಪನಿವೇದನೆ ಮಾಡಿ ಬಂದ ದಿನ ಎಲ್ಲವನ್ನೂ ಹೇಳಿಬಿಟ್ಟೆವು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಗುತ್ತಾ ಹೇಳಿದರು: "ಎಪ್ಪತ್ತು ರೂಪಾಯಿ ತಾನೇ? ಕೇಳಿದ್ದರೆ ನಾನೇ ಕೊಡ್ತಿದ್ನಲ್ಲ ಮಕ್ಕಳಾ."