ಕುತ್ತಿಗೆಗೆ ಉರಿ, ದಾರಿಗೆ ಮೂರು ಊರು

ಹುಬ್ಬಳ್ಳಿಯಲ್ಲಿ ರೈಲು ಇಳಿದು ಯಲ್ಲಾಪುರದ ಬಸ್ಸು ಹತ್ತುವಾಗ ಬೆಳಗಿನ ಆರೂವರೆ. ಡಿಸೆಂಬರ್ ಚಳಿ. ಬ್ಯಾಗಿನಲ್ಲಿ ಲ್ಯಾಪ್‌ಟಾಪು, ಗೆಳೆಯನ ಮದುವೆಗೆಂದು ಒಂದು ಜುಬ್ಬಾ, ಆ ಜುಬ್ಬಾದೊಳಗೆ ಸುತ್ತಿಟ್ಟ ಒಂದು ಕ್ಷೌರದ ಕತ್ತಿ. ಅಜ್ಜನ ಕಾಲದಲ್ಲಿ ಇರುತ್ತಿತ್ತಲ್ಲ, ಮಡಚೋ ಕತ್ತಿ, ಅದೇ. ನಾಲ್ಕು ತಿಂಗಳ ಹಿಂದೆ ಆನ್‌ಲೈನಿನಲ್ಲಿ ತರಿಸಿದ್ದೆ. ದಿನವಿಡೀ ಸ್ಕ್ರೀನ್ ನೋಡೋನಿಗೆ ಕೈಯಲ್ಲಿ ಮಾಡುವ ಒಂದು ಕೆಲಸ ಬೇಕಿತ್ತು ಅನ್ನೋದು ಅರ್ಧ ಕಾರಣ. ಉಳಿದರ್ಧ ಸಿದ್ದಾಪುರದ ಮನೆಯಲ್ಲಿ ಕೂತಿತ್ತು, ಅದನ್ನು ಆಮೇಲೆ ಹೇಳ್ತೀನಿ.

ನಾಲ್ಕು ತಿಂಗಳಲ್ಲಿ ನಾನು ಗಳಿಸಿದ್ದು ಕುತ್ತಿಗೆ ತುಂಬಾ ಕೆಂಪು ಗುಳ್ಳೆ. ಶೇವ್ ಮಾಡಿದ ಅರ್ಧ ಗಂಟೆಗೆ ಮೆಣಸಿನ ಪುಡಿ ಉಜ್ಜಿದಂಥ ಉರಿ. ಅಂಗಿ ಕಾಲರ್ ತಾಗಿದರೂ ಜೀವ ಹೋಗುತ್ತೆ. ನಾಳೆ ಮದುವೆ, ಫೋಟೋಗ್ರಾಫರ್ ಬೇರೆ ಡ್ರೋನ್ ತರ್ತಾನಂತೆ.

ಯಲ್ಲಾಪುರ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕಟಿಂಗ್ ಶಾಪ್ ಆಗಷ್ಟೇ ಬಾಗಿಲು ತೆಗೆದಿತ್ತು. ಹೋಗಿ ಕೂತೆ. ಅಂಗಡಿಯವರಿಗೆ ಐವತ್ತು ದಾಟಿರಬಹುದು. ನೊರೆ ಹಚ್ಚೋ ಮೊದಲು ನನ್ನ ಗದ್ದ ಎತ್ತಿ ಕುತ್ತಿಗೆ ನೋಡಿದರು, ಬ್ರಷ್ ಕೆಳಗಿಟ್ಟರು.

“ಇದ್ರ ಮ್ಯಾಲೆ ನಾ ಕತ್ತಿ ಆಡ್ಸಂಗಿಲ್ರಿ.”

“ನಾಳೆ ಮದುವೆ ಇದೆ” ಅಂದೆ.

“ನಿಮ್ದಲ್ಲ ಹೌದಲ್ರಿ?”

ಅಲ್ಲ ಅಂದೆ. ಹಂಗಾದ್ರ ನಡೀತೈತಿ ಅಂತ ಮಷಿನ್ ತೆಗೆದು ಸಣ್ಣಗೆ ಟ್ರಿಮ್ ಮಾಡಿದರು. ಆಮೇಲೆ ನನ್ನ ಬೆರಳು ಹಿಡಿದು ನನ್ನದೇ ಕುತ್ತಿಗೆಯ ಮೇಲೆ ಓಡಿಸಿದರು. ಕೆನ್ನೆಯಲ್ಲಿ ಮೇಲಿಂದ ಕೆಳಗೆ ಸವರಿದರೆ ನುಣುಪು. ಕುತ್ತಿಗೆಯಲ್ಲಿ ಹಾಗೇ ಸವರಿದರೆ ಚುಚ್ಚುತ್ತದೆ, ಕೆಳಗಿಂದ ಮೇಲೆ ಸವರಿದರೆ ನುಣುಪು. ಅಂದರೆ ನನ್ನ ಕುತ್ತಿಗೆಯ ಕೂದಲು ಬೆಳೆಯೋದೇ ಮೇಲ್ಮುಖವಾಗಿ. ನಾಲ್ಕು ತಿಂಗಳಿಂದ ನಾನು ಸೀದಾ ಅಂದುಕೊಂಡು ಎಳೆದದ್ದೆಲ್ಲ ಉಲ್ಟಾ! ಡಾಕ್ಯುಮೆಂಟೇಶನ್ ಓದದೆ ಕೋಡ್ ಬರೆದವನ ಸ್ಥಿತಿ. ಎಷ್ಟೋ ಜನರ ಕುತ್ತಿಗೆ ಕೂದಲು ಹೀಗೇ ಮೇಲಕ್ಕೋ ಅಡ್ಡಕ್ಕೋ ಬೆಳೆಯುತ್ತಂತೆ. ಎರಡು ದಿನದ ಗಡ್ಡ ಇರುವಾಗ ನೀವೂ ಬೆರಳು ಓಡಿಸಿ ನೋಡಿ.

ಅಷ್ಟರಲ್ಲಿ ಇನ್ನೊಬ್ಬರು ಬಂದು ಕೂತರು. ಅವರ ಎದುರೇ ಹೊಸ ಬ್ಲೇಡಿನ ಕಾಗದ ಬಿಚ್ಚಿ, ಅರ್ಧಕ್ಕೆ ಮುರಿದು ಕತ್ತಿಗೆ ಸಿಕ್ಕಿಸಿದರು. ಯಾವ ಊರಿನ ಶಾಪಿಗೆ ಹೋದರೂ ಇದನ್ನು ಕಣ್ಣಾರೆ ನೋಡಿ, ನಾಚಿಕೆ ಬೇಡ. ಒಬ್ಬರ ರಕ್ತ ತಾಗಿದ ಬ್ಲೇಡಿನಿಂದ ಹೆಪಟೈಟಿಸ್ ಬಿ, ಸಿ ಯಂಥ ಸೋಂಕು ಇನ್ನೊಬ್ಬರಿಗೆ ದಾಟಬಹುದು.

ಮದುವೆ ಚೆನ್ನಾಗಾಯ್ತು. ಮರುದಿನ ಗೆಳೆಯನ ಬೈಕ್ ಇಸ್ಕೊಂಡು ಶಿರಸಿ ಕಡೆ ಹೊರಟೆ. ಹೆಚ್ಚುಕಡಿಮೆ ಐವತ್ತು ಕಿಲೋಮೀಟರ್. ಮಂಚಿಕೇರಿ, ಬೇಡ್ತಿ ಹೊಳೆ, ರಸ್ತೆಯ ಎರಡೂ ಕಡೆ ಕಾಡು, ನಡುವೆ ಅಡಿಕೆ ತೋಟ. ಸ್ವಲ್ಪ ಒಳಗೆ ತಿರುಗಿದರೆ ಸಹಸ್ರಲಿಂಗ. ಮಳೆಗಾಲದಲ್ಲಿ ಶಾಲ್ಮಲೆ ತುಂಬಿ ಹರಿಯುವಾಗ ಮುಳುಗಿರೋ ಲಿಂಗಗಳು ಈಗ ಬಂಡೆ ಬಂಡೆಯ ಮೇಲೂ ಎದ್ದು ಕಾಣುತ್ತವೆ. ಹೆಲ್ಮೆಟ್ ಪಟ್ಟಿ ಉಜ್ಜಿ ಕುತ್ತಿಗೆ ಉರೀತಾ ಇತ್ತು. ಕರ್ಚೀಫನ್ನು ಹೊಳೆಯಲ್ಲಿ ಅದ್ದಿ ಸುತ್ತಿಕೊಂಡೆ. ಆಹಾ!

ಶಿರಸಿಯಲ್ಲಿ ಚರ್ಮದ ಡಾಕ್ಟರಿಗೆ ಅದನ್ನು ಹೇಳಿದ್ದಕ್ಕೆ ನಕ್ಕರು. “ತಂಪು ಬಟ್ಟೆ ಒಳ್ಳೇದು, ಹೊಳೆ ನೀರು ಬೇಡ. ಗೀರು ಬಿದ್ದ ಚರ್ಮಕ್ಕೆ ಶುದ್ಧ ನೀರೇ ಆಗಬೇಕು.”

ನನ್ನ ಕುತ್ತಿಗೆಯಲ್ಲಿ ಇದ್ದದ್ದು ಎರಡು ತೊಂದರೆ ಅಂತೆ. ಒಂದು ಬರೀ ತರಚಿದ ಉರಿ, ಒಂದೆರಡು ದಿನಕ್ಕೆ ತಾನೇ ಇಳಿಯುತ್ತೆ. ಇನ್ನೊಂದು, ತೀರಾ ಬುಡಕ್ಕೆ ಕತ್ತರಿಸಿದ ಗುಂಗುರು ಕೂದಲು ಬೆಳೆಯುವಾಗ ಬಾಗಿ ಮತ್ತೆ ಚರ್ಮದೊಳಗೇ ಚುಚ್ಚಿಕೊಂಡು ಎಬ್ಬಿಸೋ ಗುಳ್ಳೆ. ಇದಕ್ಕೆ ಔಷಧಕ್ಕಿಂತ ದೊಡ್ಡ ಮದ್ದು ಕೆಲವು ವಾರ ಕತ್ತಿ ಮುಟ್ಟದೇ ಇರೋದು. ಕೀವು ತುಂಬಿದರೆ ಅದು ಬ್ಯಾಕ್ಟೀರಿಯಾ ಸೋಂಕು ಇರಬಹುದು, ಆಗ ಮನೆಮದ್ದು ಮಾಡ್ತಾ ಕೂರಬಾರದು.

“ಮೆಡಿಕಲ್‌ನಲ್ಲಿ ಕೇಳಿ ಯಾವುದಾದರೂ ಟ್ಯೂಬ್ ಹಚ್ಚಿದ್ದೀರಾ?” ಅಂದರು. ಹಚ್ಚಿದ್ದೆ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಎರಡು ದಿನ ಮಾಯದ ಹಾಗೆ ಆರಾಮ ಆಗುತ್ತೆ, ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮ ತೆಳ್ಳಗಾಗುತ್ತೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಹಾಗಿದ್ದೂ ನಾವು ಕೇಳ್ತೀವಿ, ಅವರು ಕೊಡ್ತಾರೆ.

ಏಳುವ ಮೊದಲು ಆ ಉಳಿದರ್ಧ ಕಾರಣವನ್ನೂ ಕೇಳಿಬಿಟ್ಟೆ. “ನಮ್ಮ ಅಪ್ಪಯ್ಯಂಗೆ ಕೈ ನಡುಗ್ತದೆ. ನಾನೇ ಗಡ್ಡ ಮಾಡಬೇಕು ಅಂತ ಈ ಕತ್ತಿ ಕಲಿತೆ.”

“ಏನಾದರೂ ಮಾತ್ರೆ ತಗೊಳ್ತಾರಾ?”

“ಬೇಸಿಗೇಲಿ ಸ್ಟೆಂಟ್ ಹಾಕಿದಾರೆ. ರಕ್ತ ತೆಳುವಾಗೋಕೆ ಎರಡು ಮಾತ್ರೆ ಇದೆ.”

ಡಾಕ್ಟರು ಪೆನ್ ಕೆಳಗಿಟ್ಟರು. ಇಂಥ ಮಾತ್ರೆ ತಗೊಳ್ಳೋರಿಗೆ ಸಣ್ಣ ಗೀರಿನ ರಕ್ತವೂ ಬೇಗ ನಿಲ್ಲೋದಿಲ್ಲ. ವಯಸ್ಸಾದವರ ಚರ್ಮ ತೆಳು, ಸಡಿಲ. ಬಿಗಿಯಾಗಿ ಎಳೆದು ಹಿಡಿಯದಿದ್ದರೆ ಕತ್ತಿ ಮಡಿಕೆಗೆ ಸಿಕ್ಕಿಕೊಳ್ಳುತ್ತೆ. “ಕರೆಂಟಿನ ಟ್ರಿಮ್ಮರ್ ಸಾಕು. ಕತ್ತಿ ಬೇಡ.”

ಹೊರಗೆ ಬಂದು ದೇವಿಕೆರೆ ದಂಡೆಯಲ್ಲಿ ಸುಮಾರು ಹೊತ್ತು ನಿಂತಿದ್ದೆ. ನಾಲ್ಕು ತಿಂಗಳ ಅಭ್ಯಾಸ ಒಂದು ಮಾತಿಗೆ ನೀರಾಯ್ತು. ಸಿಟ್ಟು ಡಾಕ್ಟರ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ. ಆಮೇಲೆ ಮಾರಿಕಾಂಬೆಗೆ ಕೈಮುಗಿದು, ಪೇಟೆಯಲ್ಲಿ ಒಂದು ಟ್ರಿಮ್ಮರ್ ತಗೊಂಡು ಸಿದ್ದಾಪುರದ ದಾರಿ ಹಿಡಿದೆ. ಮೂವತ್ತೈದು ಕಿಲೋಮೀಟರ್ ಚಿಲ್ಲರೆ.

ಮನೆಯಲ್ಲಿ ಅಡಿಕೆ ಸುಲಿತ ನಡೆದಿತ್ತು. ಆಯಿ ಮೆಟ್ಟುಗತ್ತಿಯ ಮುಂದೆ ಕೂತಿದ್ದಳು. ನನ್ನ ಕುತ್ತಿಗೆ ನೋಡಿ “ಎಂತ ಆತು ತಮಾ?” ಅಂದಳು. ಕತ್ತಿ ತೋರಿಸಿದೆ. ಉಗುರಿನ ಮೇಲೆ ಅದರ ಬಾಯಿ ಆಡಿಸಿ ನೋಡಿದ ಆಯಿ “ಇದು ಮಂಡು” ಅಂದುಬಿಟ್ಟಳು. ಅಡಿಕೆ ಸುಲಿಯೋರಿಗೆ ಕತ್ತಿಯ ವಿಷಯ ಹೇಳಿಕೊಡಬೇಕಾ? ಹರಿತ ಇದ್ದರೆ ಒತ್ತೋದೇ ಬೇಡ, ಮಂಡಾದರೆ ಕೈ ತಾನಾಗಿ ಒತ್ತುತ್ತೆ, ಗಾಯ ಆಗೋದು ಆವಾಗಲೇ. ಪ್ರತಿ ಸಲ ಚರ್ಮದ ಪಟ್ಟಿಗೆ ಮೂವತ್ತು ನಲವತ್ತು ಸಲ ಮಸೆಯಬೇಕಾದ ಕತ್ತಿಯನ್ನು ನಾನು ಸ್ಟ್ಯಾಂಡಪ್ ಮೀಟಿಂಗಿನ ಗಡಿಬಿಡಿಯಲ್ಲಿ ಐದಾರು ಸಲಕ್ಕೆ ಮುಗಿಸ್ತಿದ್ದೆ. ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ಕೂದಲು ನೆನೆಸೋದಕ್ಕೂ ಪುರುಸೊತ್ತಿರಲಿಲ್ಲ. ನೆನೆದ ಕೂದಲು ಮೆತ್ತಗಾಗಿ ಸುಲಭವಾಗಿ ಕತ್ತರಿಸುತ್ತೆ ಅಂತ ಗೊತ್ತಿದ್ದೂ.

ರಾತ್ರಿ ಆಯಿ ಮುರುಗಲ ತುಪ್ಪದ ಉಂಡೆ ತಂದಳು. ನಮ್ಮ ಕಡೆ ಚಳಿಗಾಲಕ್ಕೆ ಒಡೆದ ಹಿಮ್ಮಡಿಗೆ, ತುಟಿಗೆ ಅದೇ ಮದ್ದು. ಗಟ್ಟಿ ಇರುತ್ತೆ, ಉಜ್ಜಿದರೆ ಮೈ ಬಿಸಿಗೆ ಕರಗುತ್ತೆ. ಗುಳ್ಳೆ ಒಣಗಿದ ಮೇಲೆ ತೆಳ್ಳಗೆ ಹಚ್ಚಿಕೊಂಡೆ, ಒಣಚರ್ಮಕ್ಕೆ ಹಿತವಾಯ್ತು. ಪಟಿಕ ಉಜ್ಜೋದಾದರೆ ಗೀರಿಗಷ್ಟೇ ಉಜ್ಜಿ, ಕೂಡಲೇ ತೊಳೆದುಬಿಡಿ. ಹಾಗೇ ಬಿಟ್ಟರೆ ಚರ್ಮ ಇನ್ನೂ ಒಣಗುತ್ತೆ.

ಮರುದಿನ ಬೆಳಿಗ್ಗೆ ಅಪ್ಪಯ್ಯ ಜಗಲಿಯಲ್ಲಿ ಬಿಸಿಲಿಗೆ ಕೂತಿದ್ದ. ಹತ್ತು ಹನ್ನೆರಡು ದಿನದ ಬಿಳಿ ಗಡ್ಡ. ಆಪರೇಶನ್ ಆದಮೇಲೆ ಅಪ್ಪಯ್ಯ ಪೇಟೆಗೆ ಹೋಗೋದೇ ಕಮ್ಮಿ ಮಾಡಿದ್ದ. ಕಟಿಂಗ್ ಶಾಪಿನಲ್ಲಿ ನಾಲ್ಕು ಜನರೆದುರು ಕೈ ನಡುಗೋದು ಕಾಣ್ತದೆ ಅಂತ. ಅದನ್ನು ಬಾಯಿಬಿಟ್ಟು ಹೇಳಿದವನಲ್ಲ, ಫೋನಿನಲ್ಲಿ ಆಯಿ ಹೇಳಿದ್ದು. ನಾನು ಕತ್ತಿ ಕೊಂಡದ್ದು ಆ ವಾರವೇ.

ಟವೆಲ್ ಹೊದೆಸಿ, ಕೆನ್ನೆಯನ್ನು ಎರಡು ಬೆರಳಲ್ಲಿ ಹಗುರಾಗಿ ಎಳೆದು ಹಿಡಿದು ಟ್ರಿಮ್ಮರ್ ಆಡಿಸಿದೆ. ಅಪ್ಪಯ್ಯ ಕಣ್ಣು ಮುಚ್ಚಿಕೊಂಡ. ಆ ಮುಖವನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದೇ ಇಲ್ಲ. ಗದ್ದದ ಕೆಳಗಿನ ಕೂದಲು ನನ್ನ ಹಾಗೇ, ಮೇಲ್ಮುಖ.

“ಆ ಕತ್ತಿ ಎಂತಕ್ಕೆ ತಗಂಡೆ?”

“ನಿಂಗೆ ಮಾಡಕ್ಕೆ.”

“ಮಳ್ಳು ಹಿಡದ್ದಾ ತಮಾ ನಿಂಗೆ?” ಅಂತ ನಕ್ಕ. ಕೆನ್ನೆ ಸವರಿಕೊಂಡ. ಕತ್ತಿಯಷ್ಟು ನುಣುಪು ಬಂದಿರಲಿಲ್ಲ, ಅಲ್ಲಲ್ಲಿ ಚುಚ್ಚುತ್ತಿತ್ತು. “ಅಡ್ಡಿಲ್ಲೆ” ಅಂದ.

ಸ್ವಲ್ಪ ಹೊತ್ತಿಗೆ ಒಳಗಿಂದ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. “ಪ್ಯಾಟಿಗೆ ಹೋಗ್ಬಪ್ಪನ, ನಡಿ.”