ವೆನಿಲ್ಲಾ ಪಾಕ

ನವೆಂಬರ್ ಬಂತೆಂದರೆ ಇಲ್ಲಿ ಮಿನಿಯಾಪೊಲಿಸ್‌ನಲ್ಲಿ ಕಾಫಿ ಅಂಗಡಿಗಳ ಬೋರ್ಡು ಪೂರ್ತಿ ಬದಲಾಗಿಬಿಡುತ್ತದೆ. ಜಿಂಜರ್‌ಬ್ರೆಡ್ ಲಾಟೆ, ಪೆಪ್ಪರ್‌ಮಿಂಟ್ ಮೋಕಾ, ವೆನಿಲ್ಲಾ ಅದು, ಕ್ಯಾರಮೆಲ್ ಇದು... ಹೊರಗೆ ಮೈನಸ್ ಹದಿನೈದು ಇರುವಾಗ ಹೆಸರು ಓದಿದರೇ ಅರ್ಧ ಚಳಿ ಬಿಡುತ್ತದೆ ಅನ್ನಿ. ಆದರೆ ಕೌಂಟರಿನ ಹಿಂದೆ ಇಣುಕಿದರೆ ಈ ವೈಭವವೆಲ್ಲ ಸಾಲಾಗಿ ನಿಂತ ಆರೇಳು ಬಾಟಲಿ. ತಲೆ ಮೇಲಿನ ಪಂಪು ಒತ್ತಿದರೆ ಚಿರ್ರ್ ಅಂತ ಸಿರಪ್ಪು. ಅದಕ್ಕೆ ಬೇರೆ ದುಡ್ಡು!

ಈ ಸಿರಪ್ಪುಗಳು ಮೊದಲು ಕಾಫಿಗೆ ಅಂತ ಹುಟ್ಟಿದ್ದೇ ಅಲ್ಲವಂತೆ. ಇಟಲಿ ಮೂಲದ ಒಂದು ಕುಟುಂಬ 1925ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ತೊರಾನಿ ಅಂತ ಶುರು ಮಾಡಿದ್ದು ಸೋಡಾಕ್ಕೆ ಬೆರೆಸಿ ಕುಡಿಯಲಿಕ್ಕೆ. ಕಾಫಿಗೆ ಬಿದ್ದದ್ದು ಎಂಬತ್ತರ ದಶಕದಲ್ಲಿ. ಏನೇ ಹೆಸರಿಟ್ಟರೂ ನಮ್ಮ ಲೆಕ್ಕದಲ್ಲಿ ಅದು ಸಕ್ಕರೆ ಪಾಕ, ಅಷ್ಟೇ. ಮನೆಯಲ್ಲಿ ಹತ್ತು ನಿಮಿಷದ ಕೆಲಸ.

ಒಂದು ಕಪ್ ಸಕ್ಕರೆ, ಒಂದು ಕಪ್ ನೀರು. ತೂಗುವವರಾದರೆ 200 ಗ್ರಾಂ, 240 ಮಿಲಿ. ಸಣ್ಣ ಉರಿಯಲ್ಲಿ ಕರಗಿಸಿ, ಒಂದು ಕುದಿ ಬಂದ ಕೂಡಲೇ ಒಲೆ ಆರಿಸಿ. ಉಂಡೆ, ಬರ್ಫಿ ಮಾಡಿ ಅಭ್ಯಾಸವಿದ್ದವರಿಗೆ ಕೈ ಸುಮ್ಮನಿರುವುದಿಲ್ಲ, ಬೆರಳ ಮಧ್ಯೆ ಹಿಡಿದು ಎಳೆ ಬಂತಾ ನೋಡೋಣ ಅನ್ನಿಸುತ್ತದೆ. ಬೇಡ. ಎಳೆ ಬರುವ ಹೊತ್ತಿಗೆ ನೀರು ಹಾರಿಹೋಗಿ ಪಾಕದ ಮುಕ್ಕಾಲು ಭಾಗಕ್ಕೂ ಮೇಲೆ ಸಕ್ಕರೆಯೇ ಉಳಿದಿರುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಹರಳುಗಟ್ಟಿ ಕಲ್ಲುಸಕ್ಕರೆ! ಇದು ನೀರ್ನೀರಾಗಿಯೇ ಇರಬೇಕು. ಹಾಗೆ ತೆಳ್ಳಗಿರುವುದರಿಂದಲೇ ಹೊರಗಿಟ್ಟರೆ ಬೂಷ್ಟು ಬರುತ್ತದೆ, ಫ್ರಿಜ್ಜಿನಲ್ಲಾದರೆ ಮೂರು ವಾರಕ್ಕೆ ಮೋಸವಿಲ್ಲ. ವೆನಿಲ್ಲಾ ಹಾಕುವುದಾದರೆ ಒಲೆ ಆರಿಸಿದ ಮೇಲೆ. ಕೋಡನ್ನು ಉದ್ದಕ್ಕೆ ಸೀಳಿ, ಒಳಗಿನ ಸಾಸಿವೆಗಿಂತ ಸಣ್ಣ ಕಪ್ಪು ಬೀಜ ಕೆರೆದು ಹಾಕಿ, ಸಿಪ್ಪೆಯನ್ನೂ ಬಿಟ್ಟು, ಮುಚ್ಚಳ ಮುಚ್ಚಿ ರಾತ್ರಿಯಿಡೀ ಇಡಿ. ಕುದಿಸುತ್ತಾ ಕೂತರೆ ಪರಿಮಳ ಎಲ್ಲಾ ಅಕ್ಕಪಕ್ಕದ ಮನೆಯವರಿಗೆ.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ವೆನಿಲ್ಲಾ ಅಂದರೆ ನಮ್ಮ ಮನೆಯಲ್ಲಿ ಬರೀ ಪರಿಮಳ ಅಲ್ಲ, ಸ್ವಲ್ಪ ಕಾಲ ಆ ಹೆಸರೇ ಎತ್ತುವ ಹಾಗಿರಲಿಲ್ಲ.

ಮಲೆನಾಡು, ದಕ್ಷಿಣ ಕನ್ನಡದ ಕಡೆಯವರಿಗೆ ನೆನಪಿರುತ್ತದೆ. 2000ದ ಏಪ್ರಿಲಿನಲ್ಲಿ ಮಡಗಾಸ್ಕರ್‌ಗೆ ಹುಡಾ ಅನ್ನುವ ಚಂಡಮಾರುತ ಬಡಿಯಿತು. ಜಗತ್ತಿನ ವೆನಿಲ್ಲಾದಲ್ಲಿ ದೊಡ್ಡ ಪಾಲು ಅಲ್ಲಿಯದೇ ಆದ್ದರಿಂದ ದರ ಏರುತ್ತಾ ಏರುತ್ತಾ 2003ರ ಹೊತ್ತಿಗೆ ಒಣಗಿಸಿ ಹದ ಮಾಡಿದ ಬೀನ್ಸಿಗೆ ಕೆಜಿಗೆ 500 ಡಾಲರ್ ಮುಟ್ಟಿತು. ನಮ್ಮೂರಲ್ಲಿ ಹಸಿ ಬೀನ್ಸಿಗೇ ಸಾವಿರಗಟ್ಟಲೆ. ಮದುವೆ ಮನೆ, ಬಸ್‌ಸ್ಟ್ಯಾಂಡು, ಸೊಸೈಟಿ ಕಟ್ಟೆ, ಎಲ್ಲಿ ಹೋದರೂ ಅದೇ ಮಾತು. ಬಳ್ಳಿಯನ್ನು ಮೀಟರ್ ಲೆಕ್ಕದಲ್ಲಿ ಮಾರುತ್ತಿದ್ದರು, ಬಟ್ಟೆ ಅಳೆದ ಹಾಗೆ. ತೀರ್ಥಹಳ್ಳಿ ಹತ್ತಿರದ ನಮ್ಮ ಅಡಿಕೆ ತೋಟಕ್ಕೂ 2001ರಲ್ಲಿ ವೆನಿಲ್ಲಾ ಬಂತು. ಅಮ್ಮನ ಎರಡು ಬಳೆ ಅಡವಿಗೆ ಹೋದವು.

ಬಳ್ಳಿ ಹೂ ಬಿಡಲು ಮೂರು ವರ್ಷ. ಹೂವಿನ ಆಯುಸ್ಸು ಒಂದೇ ಬೆಳಗ್ಗೆ. ಮೂಲ ಮೆಕ್ಸಿಕೋದ ಬಳ್ಳಿಗೆ ನಮ್ಮಲ್ಲಿ ಪರಾಗ ಮುಟ್ಟಿಸುವ ಹುಳ ಇಲ್ಲ, ಮನುಷ್ಯರೇ ಮಾಡಬೇಕು. ಆ ಉಪಾಯ ಕಂಡುಹಿಡಿದದ್ದು ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಅನ್ನುವ ಹನ್ನೆರಡು ವರ್ಷದ ಗುಲಾಮ ಹುಡುಗ, 1841ರಲ್ಲಿ. ಇದೆಲ್ಲ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. 2004ರ ಫೆಬ್ರವರಿಯಲ್ಲಿ ನನಗೆ ಏಳು ವರ್ಷ. ಅಮ್ಮ ಪೊರಕೆಯ ಕಡ್ಡಿ ಚೂಪು ಮಾಡಿ ಕೊಡುತ್ತಿದ್ದಳು. ಹೂವಿನೊಳಗಿನ ಚಿಕ್ಕ ಪರದೆಯನ್ನು ಕಡ್ಡಿಯಿಂದ ಎತ್ತಿ, ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಬೇಕು. ಮಕ್ಕಳ ಬೆರಳು ಸಣ್ಣ ಅಂತ ಆ ಕೆಲಸಕ್ಕೆ ನನಗೆ ಭಾರೀ ಡಿಮ್ಯಾಂಡು :) ಶಾಲೆಗೆ ಹೊರಡುವ ಮುಂಚೆ ನಲವತ್ತು ಐವತ್ತು ಹೂ ಮುಗಿಸುತ್ತಿದ್ದೆ. ಕೋಡು ಬಲಿಯುತ್ತಾ ಬಂದ ಹಾಗೆ ಕಳ್ಳರ ಭಯ. ಅಪ್ಪ ಟಾರ್ಚು, ಕಂಬಳಿ ಹಿಡಿದು ತೋಟದ ಮನೆಯಲ್ಲೇ ಮಲಗುತ್ತಿದ್ದರು.

ಕೋಡು ಬಲಿಯಲು ಎಂಟೊಂಬತ್ತು ತಿಂಗಳು. ನಮ್ಮ ಬೀನ್ಸು ಕೊಯ್ಲಿಗೆ ಬರುವ ಹೊತ್ತಿಗೆ ದರ ನೆಲ ಕಚ್ಚಿತ್ತು. ಮಡಗಾಸ್ಕರ್ ಚೇತರಿಸಿಕೊಂಡಿತ್ತು, ಎಲ್ಲರೂ ಎಲ್ಲೆಡೆ ನೆಟ್ಟಿದ್ದರು, ಐಸ್‌ಕ್ರೀಮು ಬಿಸ್ಕತ್ತಿನ ಕಂಪನಿಗಳು ಅಷ್ಟರಲ್ಲಿ ಕೃತಕ ವೆನಿಲಿನ್‌ಗೆ ಹೊರಳಿದ್ದವು. ಅದನ್ನು ಜರ್ಮನಿಯಲ್ಲಿ 1874ರಲ್ಲೇ ಮಾಡಿದ್ದರು. ಈಗಲೂ ವೆನಿಲ್ಲಾ ಅಂತ ನಾವು ತಿನ್ನುವ ಬಹುಪಾಲು ಅದೇ, ಪೆಟ್ರೋಲಿಯಂ ಮೂಲದಿಂದ ತಯಾರಾದದ್ದು. ಬಳ್ಳಿ ಮಾರುವಾಗ ಬೀನ್ಸ್ ನಾವೇ ಕೊಳ್ಳುತ್ತೇವೆ ಅಂದಿದ್ದವರು ಫೋನ್ ಎತ್ತಲಿಲ್ಲ. ಅಪ್ಪ ಯಾರ ಹತ್ತಿರವೂ ಜಗಳಕ್ಕೆ ಹೋಗಲಿಲ್ಲ. ಕೋಡುಗಳನ್ನು ಬಿಸಿನೀರಲ್ಲಿ ಮೂರು ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಾ ಬಿಸಿಲಿಗಿಟ್ಟು ತೆಗೆದು, ತಿಂಗಳುಗಟ್ಟಲೆ ಹದ ಮಾಡಿ ಟ್ರಂಕಿನಲ್ಲಿಟ್ಟರು. ಐದಾರು ಕೆಜಿ ಹಸಿ ಬೀನ್ಸಿಗೆ ಒಂದು ಕೆಜಿ. ಕೊಳ್ಳುವವರಿಲ್ಲ. ಆಮೇಲೆ ಬೇರು ಕೊಳೆ ಬಂದು ಬಳ್ಳಿಗಳೂ ಹೋದವು. ಬಳೆ ವಾಪಸ್ ಬಂದದ್ದು 2007ರಲ್ಲಿ, ಅಡಿಕೆ ದುಡ್ಡಲ್ಲಿ. ಅಷ್ಟೂ ದಿನ ಅಮ್ಮ ಮದುವೆ ಮನೆಗಳಿಗೆ ಗಾಜಿನ ಬಳೆ ಹಾಕಿಕೊಂಡು ಹೋಗಿದ್ದು ನನಗೆ ಚೆನ್ನಾಗಿ ನೆನಪಿದೆ.

ಒಂದು ಬಳ್ಳಿ ಮಾತ್ರ ಹಿತ್ತಲಿನ ಗೊಬ್ಬರದ ಗಿಡಕ್ಕೆ ಹಬ್ಬಿಕೊಂಡು ಉಳಿದಿದೆ. ಯಾರೂ ನೆಟ್ಟದ್ದಲ್ಲ, ಬಿಸಾಕಿದ ತುಂಡು ಚಿಗುರಿದ್ದು. ಹೋದ ವರ್ಷ ಊರಿಗೆ ಹೋದಾಗ ಅಪ್ಪ ಹನ್ನೊಂದು ಬೀನ್ಸು ಪೇಪರಿನಲ್ಲಿ ಸುತ್ತಿ ಕೊಟ್ಟರು. ಏನೂ ಹೇಳಲಿಲ್ಲ, ಹಪ್ಪಳದ ಡಬ್ಬಿ ಪಕ್ಕ ಇಟ್ಟರು ಅಷ್ಟೇ.

ಮೊದಲ ಸಲ ಸಿರಪ್ ಮಾಡಿದ ದಿನ ಫೋನಿನಲ್ಲಿ ಹೇಳಿದೆ.

"ಅಲ್ಲಿ ಎಷ್ಟಂತೆ ಅದಕ್ಕೆ?"

"ಅಂಗಡೀಲಿ ಎರಡು ಕೋಡಿಗೆ ಹತ್ತು ಡಾಲರಿಗೂ ಮೇಲೆ ಅಪ್ಪಾ."

"ಎರಡಕ್ಕಾ?" ಅಂದರು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಸಿಪ್ಪೆ ಬಿಸಾಡ್ಬೇಡ ಮತ್ತೆ."

ಬಿಸಾಡಿಲ್ಲ. ಪಾಕದಿಂದ ತೆಗೆದ ಸಿಪ್ಪೆ ತೊಳೆದು ಒಣಗಿಸಿ ಸಕ್ಕರೆ ಡಬ್ಬಿಯಲ್ಲಿ ಹುಗಿದಿಟ್ಟಿದ್ದೇನೆ, ಒಂದೆರಡು ವಾರದಲ್ಲಿ ಸಕ್ಕರೆಗೇ ಪರಿಮಳ ಹಿಡಿಯುತ್ತದೆ. ಬಾಟಲಿಯ ಸಿರಪ್ಪಿಗೂ ಇದಕ್ಕೂ ಏನು ವ್ಯತ್ಯಾಸ ಅಂದರೆ, ಅದು ಮೂಗಿಗೆ ಬಂದು ಒಂದೇ ಮಾತು ಹೇಳಿ ಹೋಗುತ್ತದೆ, ಇದರಲ್ಲಿ ಸ್ವಲ್ಪ ಹೊಗೆ, ಸ್ವಲ್ಪ ಒಣದ್ರಾಕ್ಷಿ, ಸ್ವಲ್ಪ ಹಳೇ ಮರದ ಪೆಟ್ಟಿಗೆ ಎಲ್ಲಾ ಇದೆ. ನನಗೆ ಕಂಬಳಿ ವಾಸನೆಯೂ ಬರುತ್ತದೆ. ಅದು ನನಗೆ ಮಾತ್ರ ಇರಬಹುದು ಬಿಡಿ.

ವೆನಿಲ್ಲಾ ಸಿಗದವರು ಬೆಲ್ಲದ ಸಿರಪ್ ಮಾಡಿ. ಸಕ್ಕರೆ ಬದಲು ಬೆಲ್ಲ, ಜೊತೆಗೆ ಒಣಶುಂಠಿ, ಏಲಕ್ಕಿ, ನಾಲ್ಕು ಕಾಳುಮೆಣಸು, ಕುದಿಸಿ ಸೋಸಿದರಾಯ್ತು. ಜಿಂಜರ್‌ಬ್ರೆಡ್ ಲಾಟೆಯ ಅಪ್ಪನಂತಿರುತ್ತದೆ. ಹಸಿಶುಂಠಿ ಆದರೆ ಹತ್ತು ನಿಮಿಷ ಚೆನ್ನಾಗಿ ಕುದಿಯಲಿ, ಹಸಿಯಾಗಿದ್ದರೆ ಅದರೊಳಗಿನ ಕಿಣ್ವ ಹಾಲು ಒಡೆಸುತ್ತದೆ. ಬೆಲ್ಲದ ಜೊತೆ ಹಾಲನ್ನು ಕುದಿಸಲೂ ಬೇಡಿ. ಲೋಟಕ್ಕೆ ಮೊದಲು ಸಿರಪ್, ಮೇಲೆ ಡಿಕಾಕ್ಷನ್, ಕೊನೆಗೆ ಬಿಸಿ ಹಾಲು.

ನಿನ್ನೆ ಅಮ್ಮ ಫೋನ್ ಮಾಡಿದ್ದಳು. ಹಿತ್ತಲ ಬಳ್ಳಿ ಈ ಸಲ ಮೂರು ಗೊಂಚಲು ಮೊಗ್ಗು ಬಿಟ್ಟಿದೆಯಂತೆ. ಕಣ್ಣು ಮಂಜಾಗಿದೆ, ಕನ್ನಡಕ ಹಾಕಿಕೊಂಡು ಕಡ್ಡಿ ಹಿಡಿಯುತ್ತೇನೆ ಅಂದಳು. ನನ್ನ ಹತ್ತಿರ ಇನ್ನು ನಾಲ್ಕು ಬೀನ್ಸು ಉಳಿದಿವೆ, ಹೊರಗೆ ಮೊಣಕಾಲುದ್ದ ಹಿಮ.

ಹ್ಞಾಂ, ಅಳತೆ ಹೇಳಲಿಲ್ಲ. ಒಂದು ಲೋಟಕ್ಕೆ ಎರಡು ಚಮಚ ಸಾಕು. ಚಿಕೋರಿ ಜಾಸ್ತಿ ಇರುವ ಪುಡಿಯಾದರೆ ಮೂರು.